ಚಾಕೊಲೇಟ್ ಸ್ಟೌಟ್ ಅನ್ನೋ ಕಪ್ಪು ಬಿಯರ್ ಕುಡಿದರೆ ಬರೀ ಕಹಿ. ಅದರಲ್ಲಿ ಚಾಕೊಲೇಟ್ ನಿಜವಾಗಲೂ ಇರುತ್ತಾ?

ಫ್ರಿಜ್‌ನಿಂದ ತೆಗೆದ ಕೂಡಲೇ ಬಾಟಲಿಯಿಂದಲೇ ಕುಡಿದೆ ಅಂತ ಬರೆದಿದ್ದೀರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಅಷ್ಟು ತಣ್ಣಗಿರುವಾಗ ಸ್ಟೌಟ್‌ನ ಪರಿಮಳ ಮೇಲೇಳುವುದೇ ಇಲ್ಲ. ನಾಲಿಗೆಗೆ ಸಿಗುವುದು ಕಹಿ ಮತ್ತು ಗ್ಯಾಸಿನ ಚುರುಕು ಅಷ್ಟೇ. ಚಾಕೊಲೇಟ್ ರುಚಿ ಅಂತ ನಾವು ಹೇಳುವುದರಲ್ಲಿ ಜಾಸ್ತಿ ಪಾಲು ಮೂಗಿನದು. ಮುಂದಿನ ಸಲ ಗ್ಲಾಸಿಗೆ ಬಗ್ಗಿಸಿ, ಸ್ವಲ್ಪ ಹೊತ್ತು ಸುಮ್ನೆ ಬಿಡಿ. 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು.

ಇನ್ನು ಚಾಕೊಲೇಟ್ ಇರುತ್ತಾ ಅಂದರೆ, ಕೆಲವದರಲ್ಲಿ ಇರುತ್ತೆ, ಕೆಲವದರಲ್ಲಿ ಇಲ್ಲ. ಇಂಗ್ಲೆಂಡಿನ ಯಂಗ್ಸ್ ಡಬಲ್ ಚಾಕೊಲೇಟ್ ಸ್ಟೌಟ್‌ಗೆ ನಿಜವಾದ ಡಾರ್ಕ್ ಚಾಕೊಲೇಟ್ ಹಾಕುತ್ತಾರೆ. ಅಮೆರಿಕದ ಬ್ರೂಕ್ಲಿನ್ ಬ್ಲ್ಯಾಕ್ ಚಾಕೊಲೇಟ್ ಸ್ಟೌಟ್‌ಗೆ ಒಂದು ಚೂರೂ ಹಾಕುವುದಿಲ್ಲ. ಆದರೂ ನನಗೆ ಎರಡನೆಯದರಲ್ಲೇ ಚಾಕೊಲೇಟ್ ಜೋರಾಗಿ ಸಿಗುತ್ತೆ. ಕಾರಣ ಹುರಿದ ಬಾರ್ಲಿ ಮಾಲ್ಟ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು 200 ಡಿಗ್ರಿ ದಾಟಿಸಿ ಹುರಿದಾಗ, ಕೋಕೋ ಬೀಜ ಹುರಿದಾಗ ಬರುವ ಥರದ್ದೇ ಕೆಲವು ಸುವಾಸನೆಗಳು ಹುಟ್ಟುತ್ತವೆ. ಹೀಗೆ ಗಾಢವಾಗಿ, ಬೆಂಕಿ ಹತ್ತದ ಹಾಗೆ ಹುರಿಯುವ ತಿರುಗುವ ಡ್ರಮ್ಮಿಗೆ ಡೇನಿಯಲ್ ವೀಲರ್ ಎಂಬ ಇಂಗ್ಲಿಷಿನವನು 1817ರಲ್ಲಿ ಪೇಟೆಂಟ್ ಪಡೆದ. ಇಂಥ ಕಪ್ಪು ಮಾಲ್ಟ್ ಬೇಕಾಗುವುದೂ ಸ್ವಲ್ಪವೇ. ಒಟ್ಟು ಧಾನ್ಯದಲ್ಲಿ ಬಹುಪಾಲು ಮಾಮೂಲಿ ತಿಳಿ ಮಾಲ್ಟೇ ಇರುತ್ತೆ.

ಕೋಕೋ ಹಾಕಿದ ಮಾತ್ರಕ್ಕೆ ಸಿಹಿ ಬರುತ್ತೆ ಅನ್ನೋದೂ ಇಲ್ಲ. ಸಕ್ಕರೆ, ಹಾಲು ಇಲ್ಲದ ಕೋಕೋ ಕಹಿಯೇ ಅಲ್ವಾ? ಸಕ್ಕರೆ ಸೇರಿಸಿದರೆ ಯೀಸ್ಟ್ ಅದನ್ನು ತಿಂದು ಆಲ್ಕೋಹಾಲ್ ಮಾಡಿಬಿಡುತ್ತೆ. ಅದಕ್ಕೇ ಮಿಲ್ಕ್ ಸ್ಟೌಟ್ ಮಾಡುವವರು ಲ್ಯಾಕ್ಟೋಸ್ ಹಾಕುತ್ತಾರೆ. ಹಾಲಿನ ಆ ಸಕ್ಕರೆ ಬಿಯರ್ ಯೀಸ್ಟಿಗೆ ಜೀರ್ಣವಾಗುವುದಿಲ್ಲ, ಹಾಗೇ ಉಳಿಯುತ್ತೆ. ನೀವು ಶುರು ಮಾಡಬೇಕಾದ್ದು ಇಲ್ಲಿಂದ. (ಹಾಲು ಒಗ್ಗದವರಾದರೆ ಬೇಡ.) ಅತಿ ಸಿಹಿಯ ಪೇಸ್ಟ್ರಿ ಸ್ಟೌಟ್‌ಗಳು ನನಗಂತೂ ಎರಡು ಗುಟುಕಿಗೇ ಸಾಕೆನಿಸುತ್ತವೆ. ಅವುಗಳಲ್ಲಿ ಎಷ್ಟೋ ಸಲ ಚಾಕೊಲೇಟ್ ಅನ್ನಿಸುವುದರ ಹಿಂದೆ ವೆನಿಲ್ಲಾದ ಕೈವಾಡ ಇರುತ್ತೆ.

ಕುಡಿಯುವಾಗ ಮೊದಲು ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ಕಪ್ಪು ಅಂದುಕೊಂಡದ್ದು ಅಂಚಿನಲ್ಲಿ ಮಾಣಿಕ್ಯದ ಕೆಂಪಾಗಿ ಕಾಣಬಹುದು. ನೊರೆ ತಿಳಿಗಂದು. ಒಂದು ಸಣ್ಣ ಗುಟುಕು ತಗೊಂಡು, ನಾಲಿಗೆ ಮೇಲೆಲ್ಲ ಹರಡಿ, ನುಂಗಿ, ಬಾಯಿ ಮುಚ್ಚಿಕೊಂಡೇ ಮೂಗಿನಿಂದ ಉಸಿರು ಬಿಡಿ. ಮೊದಲು ಬರುವುದು ಸುಟ್ಟ ವಾಸನೆ, ಕಾಫಿ. ಕೋಕೋ ಪುಡಿಯ ಆ ಒಣ ಪರಿಮಳ ಹೆಚ್ಚಾಗಿ ಉಸಿರಿನ ಕೊನೆಗೆ ಸಿಗುತ್ತೆ. ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ, ನಾಲಿಗೆ ಕಹಿಗೆ ಹೊಂದಿಕೊಳ್ಳಲಿ.

ಬೇರೆ ಬೇರೆ ಬಿಯರ್ ಹೋಲಿಸಿ ನೋಡುವುದಾದರೆ ತೆಳುವಿನಿಂದ ಗಟ್ಟಿಗೆ ಹೋಗಿ. ಜರ್ಮನಿಯ ಶ್ವಾರ್ಟ್ಸ್‌ಬಿಯರ್ ಬಣ್ಣಕ್ಕೆ ಕಪ್ಪು, ಬಾಯಿಗೆ ಹಗುರ. ಆಮೇಲೆ 4.2 ಶೇಕಡ ಆಲ್ಕೋಹಾಲ್ ಇರುವ ಗಿನ್ನೆಸ್ ಡ್ರಾಫ್ಟ್ ಅನ್ನೋ ಐರಿಷ್ ಸ್ಟೌಟ್, ಆಮೇಲೆ ಚಾಕೊಲೇಟ್ ಸ್ಟೌಟ್. ಇಂಪೀರಿಯಲ್ ಸ್ಟೌಟ್ ಕೊನೆಗಿರಲಿ. ಅವು 10 ಶೇಕಡ ಮುಟ್ಟುವುದೂ ಉಂಟು, ಒಂದು ಬಾಟಲಿಯನ್ನು ಮೂರ್ನಾಲ್ಕು ಜನ ಹಂಚಿಕೊಳ್ಳಿ. ಜೊತೆಗೆ ಮಿಲ್ಕ್ ಚಾಕೊಲೇಟ್ ಮಾತ್ರ ತಿನ್ನಬೇಡಿ. ಆ ಸಿಹಿಯ ಮುಂದೆ ಬಿಯರ್ ಇನ್ನೂ ಕಹಿಯಾಗುತ್ತೆ. ಉಪ್ಪು ಹಾಕಿ ಹುರಿದ ಬಾದಾಮಿ ವಾಸಿ.