ಎಲ್ಲದರಲ್ಲೂ ಕೈ ಓಡುತ್ತದೆ, ಹಾಗಾದರೆ ಯಾವ ಕೆಲಸ ಹಿಡಿಯಲಿ?

ಚಿತ್ರ ಬರೆಯುತ್ತೀರಿ, ಲೆಕ್ಕದಲ್ಲಿ ಚುರುಕು, ಚೆನ್ನಾಗಿ ಬರೆಯುತ್ತೀರಿ, ಹಾಡುತ್ತೀರಿ, ಕೋಡಿಂಗ್ ಕೂಡ ಕಲಿತಿದ್ದೀರಿ. ಒಂದನ್ನು ಹಿಡಿದರೆ ಉಳಿದದ್ದೆಲ್ಲ ಕೈತಪ್ಪಿ ಹೋಗುತ್ತದೆ ಅನ್ನುವ ಭಯಕ್ಕೆ ಯಾವುದನ್ನೂ ಹಿಡಿಯಲು ಆಗುತ್ತಿಲ್ಲ, ತೃಪ್ತಿ ಕೊಡುವ ಕೆಲಸ ಹುಡುಕುವುದು ಹೇಗೆ ಅಂತ ಕೇಳಿದ್ದೀರಿ.

ಇದು ನಿಜವಾದ ಕಷ್ಟವೇ. "ನಿನಗೇನು, ಏನು ಬೇಕಾದರೂ ಮಾಡಬಹುದು" ಅಂತ ಸುತ್ತಲಿನವರು ಹೇಳಿದಷ್ಟೂ ಜಾಸ್ತಿಯಾಗುವ ಕಷ್ಟ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಪ್ರತಿಭೆ ನೋಡಿ ಕೆಲಸ ಆರಿಸಬೇಡಿ. ಆ ಕೆಲಸ ಮಾಡುವವರ ದಿನ ಹೇಗೆ ಕಳೆಯುತ್ತದೆ ಅಂತ ನೋಡಿ ಆರಿಸಿ. ನಿಮಗೆ ಏನು ಬರುತ್ತದೆ ಅನ್ನುವುದು ಒಂದು. ಅದನ್ನೇ ದಿನವಿಡೀ, ಬೇರೆಯವರು ಕೊಟ್ಟ ಗಡುವಿನೊಳಗೆ, ಬೇರೆಯವರ ತಿದ್ದುಪಡಿ ಒಪ್ಪಿಕೊಂಡು ಮಾಡಲು ಮನಸ್ಸು ಬರುತ್ತದಾ ಅನ್ನುವುದು ಬೇರೆಯೇ. ಪ್ರತಿ ಕೆಲಸದಲ್ಲೂ ಒಂದು ಬೇಸರದ ಭಾಗ ಇದ್ದೇ ಇರುತ್ತದೆ. ಯಾವ ಕೆಲಸದ ಬೇಸರ ನಿಮಗೆ ಅಷ್ಟಾಗಿ ಬೇಸರ ಅನ್ನಿಸುವುದಿಲ್ಲವೋ, ಅಲ್ಲಿ ನೀವು ಬಹಳ ದಿನ ಉಳಿಯುತ್ತೀರಿ.

ನಾನು ವೈದ್ಯಕೀಯ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ನನಗೂ ಚಿತ್ರ, ಜೀವಶಾಸ್ತ್ರ, ಬರವಣಿಗೆ ಮೂರೂ ಇಷ್ಟ ಇದ್ದವು. ಈಗ ನನ್ನ ಮೇಜಿನ ಮೇಲಿರುವ ಚಿತ್ರವನ್ನೇ ತೆಗೆದುಕೊಳ್ಳಿ. ಹೃದಯವನ್ನು ಸೀಳಿ ಒಳಗಡೆ ತೋರಿಸಬೇಕು, ಅದೂ ಎಡ ಹೃತ್ಕುಕ್ಷಿ (ಹೃದಯದ ಎಡಗಡೆಯ ಕೆಳಗಿನ ಕೋಣೆ) ಕುಗ್ಗುತ್ತಾ ರಕ್ತವನ್ನು ಹೊರಗೆ ತಳ್ಳುವ ಗಳಿಗೆಯಲ್ಲಿ. ಆಗ ಆ ಕೋಣೆಗೆ ರಕ್ತ ಒಳಬರುವ ಬಾಗಿಲಾದ ಮೈಟ್ರಲ್ ಕವಾಟ ಮುಚ್ಚಿರಬೇಕು, ಹೊರಹೋಗುವ ಬಾಗಿಲಾದ ಅಯೋರ್ಟಿಕ್ ಕವಾಟ ತೆರೆದಿರಬೇಕು. ಎರಡನ್ನೂ ತೆರೆದು ಬರೆದರೆ ನೋಡಲು ಚಂದವಾಗಿಯೇ ಕಾಣುತ್ತದೆ. ಆದರೆ ಅಂಥ ಹೃದಯದಲ್ಲಿ ರಕ್ತ ಹಿಂದಕ್ಕೂ ನುಗ್ಗುತ್ತದೆ, ಅದು ಕಾಯಿಲೆಯ ಹೃದಯ. ಹಾಗಾಗಿ ಬ್ರಷ್ ಹಿಡಿಯುವ ಮೊದಲು ಓದಬೇಕು, ವೈದ್ಯರನ್ನು ಕೇಳಬೇಕು. ಚಿತ್ರ ಮುಗಿದ ಮೇಲೆ ಹೊಸದಾಗಿ ಓದುವ ವಿದ್ಯಾರ್ಥಿಗೂ ತಿಳಿಯುವಂತೆ ಎರಡೇ ಮಾತಿನಲ್ಲಿ ಹೆಸರು, ವಿವರಣೆ ಬರೆಯಬೇಕು. ಒಂದೇ ಹಾಳೆಯಲ್ಲಿ ಮೂರೂ ಬಂತು, ಅಲ್ವಾ? ಇನ್ನು ಬೇಸರದ ಭಾಗ. ಲೇಬಲ್ ಗೆರೆಗಳು ಒಂದನ್ನೊಂದು ದಾಟದ ಹಾಗೆ ಸರಿಸುತ್ತಾ ಕೂರಬೇಕು, ಬಾಣಗಳ ದಪ್ಪ ಎಲ್ಲ ಕಡೆ ಒಂದೇ ಇದೆಯಾ ನೋಡಬೇಕು. ಅರ್ಧ ದಿನ ಅದಕ್ಕೇ ಹೋಗುತ್ತದೆ. ನನಗೆ ಅದು ಹಿತವಾಗಿಯೇ ಇರುತ್ತದೆ. ಈ ಕೆಲಸ ನನ್ನದು ಅಂತ ಖಾತ್ರಿಯಾಗಿದ್ದು ಅದರಿಂದಲೇ.

ಇಂಥ ಒಂದು ವೃತ್ತಿ ಇದೆ ಅಂತಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಆದರೆ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಚಿತ್ರಕಾರ ಮ್ಯಾಕ್ಸ್ ಬ್ರೋಡೆಲ್ ಅವರ ನೇತೃತ್ವದಲ್ಲಿ ಇದನ್ನು ಕಲಿಸಲೆಂದೇ ಒಂದು ವಿಭಾಗ ಶುರುವಾಗಿದ್ದು 1911ರಲ್ಲಿ. ಎರಡು ವಿಷಯಗಳು ಕೂಡುವ ಕಡೆ ಹೀಗೆ ಹೆಸರು ಕೇಳದ ಕೆಲಸಗಳು ಬೇಕಾದಷ್ಟಿವೆ. ಲೆಕ್ಕ ಮತ್ತು ಸಂಗೀತದ ಕಿವಿ ಎರಡೂ ಇರುವವರಿಗೆ ಸಭಾಂಗಣಗಳ ಧ್ವನಿ ವಿನ್ಯಾಸ ಇದೆ. ಚಿತ್ರ ಮತ್ತು ಕೋಡಿಂಗ್ ಬರುವವರಿಗೆ ಅಂಕಿಅಂಶಗಳನ್ನು ಚಿತ್ರವಾಗಿಸುವ ಕೆಲಸ ಇದೆ. ಬರವಣಿಗೆ ಮತ್ತು ತಂತ್ರಜ್ಞಾನ ಬಲ್ಲವರು ಕಷ್ಟದ ಯಂತ್ರವನ್ನೋ ಸಾಫ್ಟ್‌ವೇರನ್ನೋ ಬಳಸುವುದು ಹೇಗೆಂದು ಬರೆಯುತ್ತಾರೆ. ನಿಮ್ಮ ಐದರಲ್ಲಿ ಎರಡೆರಡನ್ನು ಜೋಡಿಸಿ ಹುಡುಕಿ. ಐದೂ ಒಂದೇ ಕಡೆ ಸಿಗಲಿ ಅಂತ ಮಾತ್ರ ಕಾಯಬೇಡಿ.

ಯಾಕೆಂದರೆ ಎಲ್ಲವನ್ನೂ ಸಂಬಳದ ಕೆಲಸದೊಳಗೆ ತುರುಕಬೇಕಾಗಿಲ್ಲ. ಐನ್‌ಸ್ಟೈನ್ 1902ರಿಂದ 1909ರವರೆಗೆ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿದ್ದರು. ವಿಶೇಷ ಸಾಪೇಕ್ಷತೆಯ ಪ್ರಬಂಧ ಬಂದದ್ದು 1905ರಲ್ಲಿ, ಅದೇ ಕೆಲಸದಲ್ಲಿದ್ದಾಗ. ಹಾಗಂತ ಹೀಗೆ ಬಿಡುವಿನಲ್ಲಿ ಮಾಡುವುದಕ್ಕೆ ತೆರಬೇಕಾದ ಬೆಲೆ ಇಲ್ಲವೇ ಇಲ್ಲ ಅಂತಲ್ಲ. ರಷ್ಯಾದ ಬೊರೊಡಿನ್ ವೃತ್ತಿಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕ, ಬಿಡುವಿನಲ್ಲಿ ಸಂಗೀತ ರಚಿಸುತ್ತಿದ್ದರು. 1869ರಲ್ಲಿ ಶುರು ಮಾಡಿದ 'ಪ್ರಿನ್ಸ್ ಇಗೋರ್' ಒಪೆರಾ (ಸಂಗೀತ ನಾಟಕ) 1887ರಲ್ಲಿ ಅವರು ತೀರಿಕೊಂಡಾಗಲೂ ಮುಗಿದಿರಲಿಲ್ಲ. ಮುಗಿಸಿದ್ದು ಬೇರೆ ಇಬ್ಬರು ಸಂಗೀತ ರಚನಕಾರರು, ರಿಮ್ಸ್ಕಿ-ಕೊರ್ಸಕೊವ್ ಮತ್ತು ಗ್ಲಾಜುನೊವ್. ಬಿಡುವಿನ ಕೆಲಸ ನಿಧಾನ. ಆ ನಿಧಾನವನ್ನು ತಡೆದುಕೊಳ್ಳಬಲ್ಲ ಪ್ರತಿಭೆಯನ್ನೇ ಸಂಬಳದ ಕೆಲಸದ ಹೊರಗಿಡಿ. ಯಾರೂ ಹೇಳದೆ, ನಿಮ್ಮಷ್ಟಕ್ಕೆ ಹಾಡುವಾಗಲೇ ಖುಷಿ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಹಾಡನ್ನು ಸಂಬಳಕ್ಕೆ ಕಟ್ಟಬೇಡಿ. ಬದಲಿಗೆ, ಸಂಜೆ ಹೊತ್ತಿಗೆ ಗಂಟಲಲ್ಲಿ ಒಂದಿಷ್ಟು ಶಕ್ತಿ ಉಳಿಸುವ ಕೆಲಸ ಹುಡುಕಿ.

ಹುದ್ದೆಯ ಹೆಸರಿಗೆ ಮಾರುಹೋಗದೆ ಕೆಲಸವನ್ನು ಅಳೆಯಲು ಒಂದು ಹಳೆಯ ದಾರಿ ಇದೆ. 1970ರ ದಶಕದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು ಕೆಲಸದಲ್ಲಿ ಹುಮ್ಮಸ್ಸು, ತೃಪ್ತಿ ಕೊಡುವ ಐದು ಗುಣ ಗುರುತಿಸಿದರು. ಬೇರೆ ಬೇರೆ ಕೌಶಲ ಬಳಕೆಯಾಗುವುದು, ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ಮಾಡುವುದು, ಅದರಿಂದ ಯಾರಿಗಾದರೂ ಉಪಯೋಗವಾಗುವುದು, ಹೇಗೆ ಮಾಡಬೇಕೆಂದು ತಾನೇ ನಿರ್ಧರಿಸುವ ಸ್ವಾತಂತ್ರ್ಯ, ಮಾಡಿದ್ದು ಹೇಗಿದೆ ಅಂತ ತಿಳಿಯುವುದು. ನಿಮ್ಮಂಥವರು ಮೊದಲನೆಯದನ್ನೇ ಜಾಸ್ತಿ ನೋಡುತ್ತಾರೆ. ನನಗೆ ಸ್ವಾತಂತ್ರ್ಯ ಅದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಅದು ಇದ್ದ ಕಡೆ, ಸಾಧಾರಣ ಕೆಲಸದಲ್ಲೂ ನಿಮ್ಮ ಬೇರೆ ಕೌಶಲಗಳಿಗೆ ನೀವೇ ಜಾಗ ಮಾಡಿಕೊಳ್ಳಬಹುದು.

ಸುಮ್ನೆ ಯೋಚಿಸುತ್ತಾ ಕೂತರೆ ಇದು ಬಗೆಹರಿಯುವುದಿಲ್ಲ. ಮನಸ್ಸಿಗೆ ಬಂದ ಎರಡು ಮೂರು ಕೆಲಸ ಆರಿಸಿ, ಅದನ್ನು ಕೆಲವು ವರ್ಷ ಮಾಡಿರುವವರ ಜೊತೆ ಮಾತಾಡಿ. "ನಿಮ್ಮ ಕೆಲಸ ಇಷ್ಟವಾ" ಅಂತ ಕೇಳಿದರೆ ಹೆಚ್ಚೇನೂ ತಿಳಿಯದು. ನಿನ್ನೆ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ ಅಂತ ಕೇಳಿ. ಆಮೇಲೆ ಒಂದೊಂದರಲ್ಲೂ ಒಂದು ಚಿಕ್ಕ ಕೆಲಸ ಒಪ್ಪಿಕೊಳ್ಳಿ. ದುಡ್ಡು ಕಡಿಮೆ ಸಿಕ್ಕರೂ ಪರವಾಗಿಲ್ಲ, ಆದರೆ ಗಡುವು ಇರಬೇಕು, ತಿದ್ದುಪಡಿ ಹೇಳುವ ಒಬ್ಬರು ಇರಬೇಕು. ಮೂರನೇ ಸಲ ತಿದ್ದಲು ವಾಪಸ್ ಬಂದಾಗಲೂ ಅದನ್ನು ಸರಿ ಮಾಡಲೇಬೇಕು ಅಂತ ನಿಮಗೇ ಅನ್ನಿಸಿದರೆ, ಆ ಕೆಲಸಕ್ಕೆ ಎರಡು ವರ್ಷ ಕೊಡಿ.