ರೀಡರ್ ಬದಲಿಸುವ ಮೊದಲು ವೋಲ್ಟೇಜ್ ನೋಡಿ

ಪ್ರಶ್ನೆ: ನಮ್ಮ ಗೋದಾಮಿನ ಆಫೀಸ್ ಬಾಗಿಲಿಗೆ ಕಾರ್ಡ್ ರೀಡರ್, ಮ್ಯಾಗ್ನೆಟಿಕ್ ಲಾಕ್ ಹಾಕಿಸಿದ್ದೇವೆ. ಬಾಗಿಲು ಮುಚ್ಚಿ ಲಾಕ್ ಹಿಡಿದ ತಕ್ಷಣ ರೀಡರ್ ಆಫ್ ಆಗಿ, ಬೀಪ್ ಅಂತ ಮತ್ತೆ ಆನ್ ಆಗುತ್ತದೆ. ಜೋರಾಗಿ ಎಳೆದರೆ ಬಾಗಿಲೂ ಬಿಟ್ಟುಕೊಳ್ಳುತ್ತದೆ. ಎಲ್ಲಕ್ಕೂ ಸೇರಿ ಒಂದೇ 12 ವೋಲ್ಟ್, 1 ಆಂಪ್ ಸಪ್ಲೈ ಇದೆ. ಅಲ್ಲಿಂದ ಬಾಗಿಲಿಗೆ 30 ಮೀಟರ್ ಕ್ಯಾಟ್ 6 ಕೇಬಲ್ (ಇಂಟರ್ನೆಟ್‌ಗೆ ಹಾಕುವಂಥದ್ದು). ಹಾಕಿದವರು ರೀಡರ್ ಹೋಗಿದೆ, ಹೊಸದು ತನ್ನಿ ಅಂತಾರೆ. ತರಬೇಕಾ?
– ಓದುಗರು, ಅಂತರಸನಹಳ್ಳಿ, ತುಮಕೂರು

ಉತ್ತರ: ಈಗಲೇ ಬೇಡ. ಲಾಕ್ ಹಿಡಿದಾಗಲೇ ರೀಡರ್ ಆಫ್ ಆಗುತ್ತಿದೆ ಅಂದರೆ ಅದಕ್ಕೆ ಕರೆಂಟ್ ಸಾಲುತ್ತಿಲ್ಲ. ಲಾಕ್ ಆನ್ ಇರುವಾಗಲೇ, ಲಾಕಿನ ಎರಡು ವೈರ್ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. ಸಪ್ಲೈ ಹತ್ತಿರ ಅಳೆದರೆ 12 ತೋರಿಸಿ ಸುಮ್ನೆ ದಾರಿ ತಪ್ಪಿಸುತ್ತದೆ.

600 ಪೌಂಡ್ ಎಳೆತ ತಡೆಯುವ ಲಾಕ್ 12 ವೋಲ್ಟ್‌ನಲ್ಲಿ ಸುಮಾರು ಅರ್ಧ ಆಂಪ್ ಎಳೆಯುತ್ತದೆ. ಕ್ಯಾಟ್ 6 ಎಳೆ ಬಹಳ ಸಣ್ಣದು. ಹೋಗಿ ಬರುವುದು ಸೇರಿ 60 ಮೀಟರ್ ತಾಮ್ರ, ಅದರಲ್ಲೇ 2 ವೋಲ್ಟ್ ಹತ್ತಿರ ಕಳೆದುಹೋಗುತ್ತದೆ. ಅದಕ್ಕೇ ಲಾಕಿನ ಹಿಡಿತ ಸಡಿಲ, ಅದೇ ಜೋಡಿ ವೈರ್‌ನಲ್ಲಿ ರೀಡರ್‌ಗೂ ಪವರ್ ಕೊಟ್ಟಿದ್ದರೆ ಅದೂ ಒದ್ದಾಡುತ್ತದೆ. ಲಾಕ್‌ಗೆ 1 ಸ್ಕ್ವೇರ್ ಎಂಎಂ ವೈರ್ ಬೇರೆಯಾಗಿ ಎಳೆಸಿ, ನಷ್ಟ ಅರ್ಧ ವೋಲ್ಟ್ ಆಸುಪಾಸಿಗೆ ಇಳಿಯುತ್ತದೆ. ಸಪ್ಲೈಯನ್ನೇ ಬಾಗಿಲ ಹತ್ತಿರ ತರಲು ಜಾಗ ಇದ್ದರೆ ಅದು ಇನ್ನೂ ಒಳ್ಳೆಯದು. ಸಪ್ಲೈ 3 ಆಂಪ್‌ದಾಗಿರಲಿ. ಲಾಕ್ ಒಳಗೇ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇಲ್ಲದಿದ್ದರೆ ಲಾಕಿನ ಎರಡು ವೈರ್ ನಡುವೆ 1ಎನ್4007 ಡಯೋಡ್ ಹಾಕಿಸಿ, ಬೆಳ್ಳಿ ಗೆರೆ ಪ್ಲಸ್ ಕಡೆ. ಲಾಕ್ ಆಫ್ ಆದಾಗ ಕಾಯಿಲ್‌ನಿಂದ ಬರುವ ಹೈ ವೋಲ್ಟೇಜ್ ಹೊಡೆತ ಕಂಟ್ರೋಲರ್ (ಕಾರ್ಡ್ ನೋಡಿ ಲಾಕ್ ಬಿಡಿಸುವ ಪೆಟ್ಟಿಗೆ) ಒಳಗಿನ ಸ್ವಿಚ್ ಆದ ರಿಲೇಯನ್ನು ತಿನ್ನುತ್ತದೆ. ವೋಲ್ಟೇಜ್ ಸರಿ ಹೋದಮೇಲೂ ಬಾಗಿಲು ಬಿಟ್ಟುಕೊಂಡರೆ, ಬಾಗಿಲಿಗಿರುವ ಕಬ್ಬಿಣದ ಪ್ಲೇಟ್ ನೋಡಿ. ಅದರ ನಡುವಿನ ಬೋಲ್ಟ್ ತೀರಾ ಬಿಗಿ ಮಾಡಬಾರದು, ರಬ್ಬರ್ ವಾಷರ್ ಮೇಲೆ ಅಲ್ಪಸ್ವಲ್ಪ ಅಲುಗಾಡಬೇಕು, ಆಗಲೇ ಪೂರ್ತಿ ಅಂಟಿಕೊಳ್ಳುತ್ತದೆ.

ಬ್ಯಾಟರಿ ಇಲ್ಲ ಅಂದರೆ ಕರೆಂಟ್ ಹೋದಾಗ ಈ ಲಾಕ್ ಬಿಟ್ಟುಕೊಳ್ಳುತ್ತದೆ, ಗೋದಾಮಿಗೆ ಅದು ತೊಂದರೆ ಅಲ್ವಾ? ಚಾರ್ಜರ್ ಇರುವ ಆಕ್ಸೆಸ್ ಕಂಟ್ರೋಲ್ ಸಪ್ಲೈ ತಂದು 12 ವೋಲ್ಟ್, 7 ಎಎಚ್ ಬ್ಯಾಟರಿ ಕೂರಿಸಿ. ಚಾರ್ಜರ್ ಇಲ್ಲದ ಸಾದಾ ಸಪ್ಲೈಗೆ (ಎಸ್‌ಎಂಪಿಎಸ್) ಬ್ಯಾಟರಿಯನ್ನು ನೇರ ಕಟ್ಟಬೇಡಿ.

ಒಂದು ಮಾತು ದಯವಿಟ್ಟು ಮರೆಯಬೇಡಿ. ಒಳಗಿನಿಂದ ಹೊರಗೆ ಬರುವ ಎಮರ್ಜೆನ್ಸಿ ಸ್ವಿಚ್ ಲಾಕಿನ ಪ್ಲಸ್ ವೈರ್ ಅನ್ನೇ ಕತ್ತರಿಸಬೇಕು. ಅದನ್ನು ಬರೀ ಕಂಟ್ರೋಲರ್‌ಗೆ ಸಿಗ್ನಲ್ ಕೊಡುವ ಹಾಗೆ ಕಟ್ಟಿದರೆ, ಕಂಟ್ರೋಲರ್ ಹ್ಯಾಂಗ್ ಆದ ದಿನ ಒಳಗಿದ್ದವರು ಸಿಕ್ಕಿಹಾಕಿಕೊಳ್ಳುತ್ತಾರೆ. ಬೆಂಕಿ ಬಿದ್ದಾಗ ಏನು ಗತಿ? ಕೆಲಸ ಮುಗಿಸಿದವರ ಮುಂದೆಯೇ ಒಮ್ಮೆ ಒತ್ತಿ ನೋಡಿಬಿಡಿ, ಆಮೇಲೆ ದುಡ್ಡು ಕೊಡಿ.

ಪ್ರಶ್ನೆ: ಸ್ಟೀಲ್ ಚೌಕಟ್ಟಿನ ಮೇಲೆ ರೀಡರ್ ಹಾಕಿದ್ದೇವೆ. ಕಾರ್ಡ್ ಪೂರ್ತಿ ತಾಗಿಸಿದರೂ ಕೆಲವೊಮ್ಮೆ ಓದುವುದಿಲ್ಲ. ಗೋಡೆಗೆ ಹಾಕಿದ್ದು ಚೆನ್ನಾಗಿದೆ.
– ಓದುಗರು, ಬಂಗಾರಪೇಟೆ, ಕೋಲಾರ ಜಿಲ್ಲೆ

ಉತ್ತರ: ಕಬ್ಬಿಣ ರೀಡರಿನ ರೇಡಿಯೋ ಅಲೆಯನ್ನು ನುಂಗಿ ಹಾಕುತ್ತದೆ. ರೀಡರ್ ಹಿಂದೆ ದಪ್ಪ ಪ್ಲಾಸ್ಟಿಕ್ ತುಂಡು ಇಟ್ಟು ಚೌಕಟ್ಟಿನಿಂದ ದೂರ ಮಾಡಿ. ಸಾಧ್ಯವಿದ್ದರೆ ಪಕ್ಕದ ಗೋಡೆಗೇ ಹಾಕಿಸಿ. ಎರಡು ರೀಡರ್ ಒಂದೇ ಗೋಡೆಯ ಆಚೆ ಈಚೆ ಬೆನ್ನಿಗೆ ಬೆನ್ನು ಕೂರದ ಹಾಗೆ ಮಾತ್ರ ನೋಡಿಕೊಳ್ಳಿ.