ನಾಗಬನಕ್ಕೂ ನ್ಯಾಯಕ್ಕೂ ಏನು ಸಂಬಂಧ ಅಂತ ಕೇಳಿದ್ದೀರಿ

ನಿಮ್ಮ ಪ್ರಶ್ನೆ ಇದು: ನಾಗಬನ, ದೈವಾರಾಧನೆ ಎಲ್ಲ ಪರಿಸರ ಉಳಿಸುವ ಸಂಪ್ರದಾಯಗಳೇ. ಅಷ್ಟು ಸಾಕಲ್ವಾ? ಆದಿವಾಸಿಗಳು, ಸಾಮಾಜಿಕ ನ್ಯಾಯ ಅಂತ ಅದರೊಳಗೆ ಯಾಕೆ ತರಬೇಕು?

ನಾನು ಉಡುಪಿ ಕಡೆಯವಳು. ನಮ್ಮ ಕುಟುಂಬಕ್ಕೂ ಒಂದು ನಾಗಬನ ಇದೆ, ಅಂದರೆ ನಾಗನಿಗೆ ಅಂತ ಬಿಟ್ಟ ಪುಟ್ಟ ಕಾಡು. ಹಾಗಾಗಿ ಅಲ್ಲಿಂದಲೇ ಹೇಳ್ತೇನೆ.

ನಾನು ಚಿಕ್ಕವಳಿದ್ದಾಗ ಬನದೊಳಗೆ ಮಧ್ಯಾಹ್ನವೂ ಕತ್ತಲೆ. ಹಾಲೆ ಮರ, ಸುರಗಿ, ಅವಕ್ಕೆ ಸುತ್ತಿಕೊಂಡ ದಪ್ಪ ಬಳ್ಳಿಗಳು. ಕೆಳಗೆ ಕಾಲಿಟ್ಟರೆ ಹೂತುಹೋಗುವಷ್ಟು ತರಗೆಲೆ. ಒಂದು ಕಡ್ಡಿ ಮುರಿಯಲೂ ಹೆದರಿಕೆ. ಆಮೇಲೆ ಜೀರ್ಣೋದ್ಧಾರ ಆಯಿತು. ಮರ ಕಡಿದರು, ಕಲ್ಲಿನ ಕಟ್ಟೆ ಕಟ್ಟಿದರು, ಸುತ್ತಲೂ ಇಂಟರ್‌ಲಾಕ್ ಹಾಕಿದರು. ಈಗ ನಾಗರಪಂಚಮಿಗೆ ನಾಗನಿಗೆ ತನು, ಅಂದರೆ ಹಾಲು, ಎರೆದರೆ ಅದು ಸಿಮೆಂಟಿನ ಮೇಲೆ ಹರಿದು ಚರಂಡಿ ಸೇರುತ್ತೆ. ಭಕ್ತಿ ಕಮ್ಮಿಯಾಗಿಲ್ಲ, ಖರ್ಚಂತೂ ಜಾಸ್ತಿಯೇ ಆಗಿದೆ. ಮಣ್ಣು ಮಾತ್ರ ಇಲ್ಲ. ಬರೀ ಭಕ್ತಿ ಇದ್ದರೆ ಪರಿಸರ ತಾನಾಗಿ ಉಳಿಯುತ್ತೆ ಅನ್ನುವುದನ್ನು ನಾನು ನಂಬದೇ ಇರುವುದಕ್ಕೆ ಇದೇ ಕಾರಣ.

ಇನ್ನೊಂದು ನೆನಪು ಹೇಳಬೇಕು. ನಮ್ಮ ಮನೆಗೆ ಬುಟ್ಟಿ ತರುತ್ತಿದ್ದ, ಕೊರಗ ಎಂಬ ಆದಿವಾಸಿ ಸಮುದಾಯದ ಹೆಂಗಸೊಬ್ಬರಿದ್ದರು. ಅಂಗಳದ ಮೂಲೆಯಲ್ಲಿ ಕೂತು ಹಸಿ ಬಳ್ಳಿಯನ್ನು ಉದ್ದಕ್ಕೆ ಸೀಳಿ, ಒಂದು ತುದಿಯನ್ನು ಕಾಲ ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಹಳೆ ಬುಟ್ಟಿಯ ಅಂಚು ಕಟ್ಟಿಕೊಡುತ್ತಿದ್ದರು. ಬಳ್ಳಿಗೆ ತುಳುವಿನಲ್ಲಿ ಬೂರು ಅಂತಾರೆ. ಯಾವ ಬೂರು ನೀರಿಗೆ ತಡೆಯುತ್ತೆ, ಯಾವುದನ್ನು ಯಾವ ತಿಂಗಳು ಕೊಯ್ಯಬೇಕು ಎಲ್ಲ ಅವರಿಗೆ ಗೊತ್ತು. ಬುಡ ಬಿಟ್ಟು ಕೊಯ್ಯಬೇಕು, ಇಲ್ಲದಿದ್ದರೆ ಮತ್ತೆ ಚಿಗುರುವುದಿಲ್ಲ ಅಂತ ನನಗೆ ಮೊದಲು ಹೇಳಿಕೊಟ್ಟವರು ಅವರೇ. ಆದರೆ ಅವರಿಗೆ ನಮ್ಮ ಮನೆಯಲ್ಲಿ ಚಹಾ ಕೊಡುತ್ತಿದ್ದದ್ದು ತೆಂಗಿನ ಗೆರಟೆಯಲ್ಲಿ, ಲೋಟದಲ್ಲಲ್ಲ. ಅವರು ನಮ್ಮ ಅಜ್ಜಿಯನ್ನು ಒಡೆದಿ, ಅಂದರೆ ಒಡತಿ, ಅನ್ನುತ್ತಿದ್ದರು. ನಾವು ಮಕ್ಕಳು ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದೆವು. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತೆ.

ಮಂಗಳೂರಿನ ಕುಡುಪು ದೇವಸ್ಥಾನ ನಾಗಾರಾಧನೆಗೆ ಹೆಸರಾದದ್ದು. ಕುಡುಪು ಅಂದರೆ ಕಾಡುಬಳ್ಳಿಯಲ್ಲಿ ಹೆಣೆದ ಬುಟ್ಟಿ. ಸರ್ಪದ ಮೊಟ್ಟೆಗಳನ್ನು ಅಂಥ ಬುಟ್ಟಿಯಲ್ಲಿಟ್ಟು ಹೂತರು, ಅದರಿಂದಲೇ ಆ ಹೆಸರು ಬಂತು ಅನ್ನುವ ಪ್ರತೀತಿ ಇದೆ. ನಾಗ, ಕಾಡು, ಬಳ್ಳಿ, ಹೆಣೆದ ಕೈ ನಾಲ್ಕೂ ಒಂದೇ ಹೆಸರಲ್ಲಿ ಕೂತಿವೆ. ನಾವು ಅದರಲ್ಲಿ ಕೈಯನ್ನು ಮಾತ್ರ ಮರೆತೆವು.

ಮರೆವು ಅಂದರೆ ಸಣ್ಣ ಮಾತಾಯಿತು. ಅಜಲು ಅಂತ ಒಂದು ಪದ್ಧತಿ ಇತ್ತು. ನಮ್ಮ ರೋಗ, ದೋಷ ಅವರಿಗೆ ಹೋಗಲಿ ಅಂತ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಕೊರಗಜ್ಜ ಕೊರಗ ಸಮುದಾಯದಲ್ಲಿ ಹುಟ್ಟಿ ದೈವವಾದವನು. ಅವನಿಗೆ ಚಕ್ಕುಲಿ, ವೀಳ್ಯ ಇಟ್ಟು ಕಳೆದುಹೋದ ಚಿನ್ನ ಸಿಗಲಿ ಅಂತ ಬೇಡಿಕೊಳ್ಳದ ಮನೆ ನಮ್ಮಲ್ಲಿ ಕಮ್ಮಿ. ನಾನೂ ಬೇಡಿಕೊಂಡಿದ್ದೇನೆ. ಅಜ್ಜನಿಗೆ ಕೈ ಮುಗಿದು ಅವನ ಮೊಮ್ಮಕ್ಕಳನ್ನು ಅಂಗಳದ ಮೂಲೆಯಲ್ಲಿ ಕೂರಿಸಿದರೆ ಅದು ಎಂಥ ಭಕ್ತಿ?

ಈಗ ಪರಿಸರದ ಕಡೆಯಿಂದ ನೋಡಿ. ಪಶ್ಚಿಮ ಘಟ್ಟದ ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾಯಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಅದು ಆಗಲೇಬೇಕಿತ್ತು. ಆದರೆ ಅದೇ ಕಾಡಿನಲ್ಲಿ ಮೊದಲಿಂದ ಇದ್ದ ಮಲೆಕುಡಿಯ ಆದಿವಾಸಿಗಳು ಒಕ್ಕಲೇಳುವ ಭಯದಲ್ಲಿ ಬದುಕಬೇಕಾಯಿತು. ಕಾಡು ಹಾಳು ಮಾಡಿದವರು ಅವರಲ್ಲ, ಅಲ್ವಾ? 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ವಾಸದ ಹಕ್ಕಿನ ಜೊತೆ ಬಿದಿರು, ಬೆತ್ತದಂಥ ಕಿರು ಅರಣ್ಯ ಉತ್ಪನ್ನದ ಹಕ್ಕೂ ಇದೆ. ಬುಟ್ಟಿ ಹೆಣೆಯುವವರಿಗೆ ಅದು ಅನ್ನದ ಪ್ರಶ್ನೆ.

ಕೊರಗರು ಕೇಳುತ್ತಿರುವುದು ಮುಖ್ಯವಾಗಿ ಭೂಮಿ. ಕೊರಗರ ಸ್ಥಿತಿಗತಿಯ ಬಗ್ಗೆ ಬಂದ ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಿ ಅಂದಿತ್ತು. ಆ ಬೇಡಿಕೆ ಇನ್ನೂ ಮುಗಿದಿಲ್ಲ. ಪ್ರತಿ ವರ್ಷ ಆಗಸ್ಟ್ 18ಕ್ಕೆ ಅವರು ಭೂಮಿ ಹಬ್ಬ ಮಾಡುತ್ತಾರೆ. ಡೋಲು ಬಾರಿಸುತ್ತಾರೆ, ಹಕ್ಕಿನ ಮಾತೂ ಆಡುತ್ತಾರೆ. ಇದು ಪೂಜೆಯಾ, ಹೋರಾಟವಾ, ಪರಿಸರದ ಮಾತಾ ಅಂತ ಅಲ್ಲಿ ಯಾರೂ ಬೇರೆ ಬೇರೆ ಮಾಡಿ ನೋಡುವುದಿಲ್ಲ.

ನಮ್ಮ ಬನದ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಕುಟುಂಬದವರನ್ನು ಒಪ್ಪಿಸಿ ಒಂದು ಬದಿಯ ಇಂಟರ್‌ಲಾಕ್ ತೆಗೆಸಿದೆವು. ಏನು ನೆಡಬೇಕು ಅಂತ ಕೇಳಲು ಬುಟ್ಟಿ ತರುತ್ತಿದ್ದ ಆ ದೊಡ್ಡಮ್ಮನನ್ನೇ ಕರೆದೆ. ಈಗ ಅವರಿಗೆ ವಯಸ್ಸಾಗಿದೆ. ಜಗಲಿಗೆ ಬನ್ನಿ ಅಂದರೆ ತುಂಬಾ ಹೊತ್ತು ಮೆಟ್ಟಿಲ ಹತ್ತಿರವೇ ನಿಂತರು. ಆಮೇಲೆ ಬಂದು ಕೂತು ಚಹಾ ಕುಡಿದರು. ಬನ ನೋಡಿ, ಮೊದಲು ತರಗೆಲೆ ಗುಡಿಸುವುದು ನಿಲ್ಲಿಸಿ, ಬೂರು ಆಮೇಲೆ ತಾನೇ ಬರುತ್ತೆ ಅಂದರು. ಈ ಮಳೆಗೆ ಎರಡು ಬಳ್ಳಿ ಬಂದಿವೆ.